ಮೂರು ಅಟ್ಟೆ ಕಂಡ ಬೂಟು

ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುವುದನ್ನು ತಿಪಟೂರು ಸೀಮೆಯಲ್ಲಿ ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ. ಅಟ್ಟದ ಮೇಲೆ ಹತ್ತು ಹನ್ನೊಂದು ತಿಂಗಳು ಮಲಗಿದ ಕಾಯಿಯೊಳಗೆ ನೀರು ಇಂಗಿ, ತಿರುಳು ಚಿಪ್ಪು ಬಿಟ್ಟು ಉಂಡೆಯಾಯಿತೆಂದರೆ ಅದು ಗಡಗಡ ಅನ್ನುತ್ತದೆ. ಸದ್ದು ಮಂಕಾಗಿದ್ದರೆ ಇನ್ನೂ ಹದಕ್ಕೆ ಬಂದಿಲ್ಲ, ಮತ್ತೆ ಅಟ್ಟಕ್ಕೆ. ಅವಸರಪಟ್ಟು ಒಡೆದವನಿಗೆ ಸಿಗುವುದು ನಾಳೆಯೇ ಬೂಸಲು ಹಿಡಿಯುವ ಹಸಿ ಕೊಬ್ಬರಿ. ನಮ್ಮಪ್ಪ ತಿಪಟೂರಿನ ಒಂದು ಮಂಡಿಯಲ್ಲಿ 31 ವರ್ಷ ಗುಮಾಸ್ತರಾಗಿದ್ದರು. ಉತ್ತರದ ಊರುಗಳಿಗೆ ರವಾನೆಯಾಗುವ ಉಂಡೆ ಕೊಬ್ಬರಿಯ ಚೀಲಗಳ ನಡುವೆ ಕೂತು ಲೆಕ್ಕ ಬರೆದವರು. ಹೊರಗಿನ ಬಣ್ಣ ನೋಡಿ ಬೆಲೆ ಕಟ್ಟಿದವನು ಕೌಟು ತಿನ್ನುತ್ತಾನೆ ಅನ್ನುವುದು ಅವರ ಮಾತು. ನನ್ನ ಮೊದಲ ಬೂಟು ಕೊಳ್ಳುವಾಗಲೂ ಅವರು ಇದೇ ಮಾತನ್ನು ಜೇಬಿನಲ್ಲಿಟ್ಟುಕೊಂಡು ಬಂದರು.

1986ರ ಜೂನ್ ತಿಂಗಳು. ಬೆಂಗಳೂರಿನಲ್ಲಿ ನನಗೆ ಬ್ಯಾಂಕಿನ ಕೆಲಸ ಸಿಕ್ಕಿತ್ತು. ನೊಣವಿನಕೆರೆ ಪಕ್ಕದ ನಮ್ಮ ಹಳ್ಳಿಯಲ್ಲಿ ಅಲ್ಲಿಯವರೆಗೆ ನಾನು ಹವಾಯಿ ಚಪ್ಪಲಿ ಬಿಟ್ಟು ಬೇರೇನೂ ಮೆಟ್ಟಿದವನಲ್ಲ. ತೋಟಕ್ಕೆ ಹೋದರೆ ಬರಿಗಾಲೇ. ಅಪ್ಪ ಅಂಗಡಿಗೆ ಹೋಗುವ ಮೊದಲು ನನ್ನನ್ನು ತಿಪಟೂರು ರೈಲ್ವೆ ಸ್ಟೇಷನ್ ಕಡೆಯ ಹುಣಸೆಮರದ ಕೆಳಗೆ ಕರೆದುಕೊಂಡು ಹೋದರು. ಅಲ್ಲೊಬ್ಬ ಅಜ್ಜ ಗೋಣಿತಾಟು ಹಾಸಿಕೊಂಡು, ಮುಂದೆ ಅಡಿಗಲ್ಲು, ರಂಪಿಗೆ, ದಬ್ಬಳ, ಮೇಣದ ಉಂಡೆ ಇಟ್ಟುಕೊಂಡು ಕೂರುತ್ತಿದ್ದ. ಊರಿನ ಮೇಷ್ಟ್ರುಗಳು, ರೈಲ್ವೆಯವರು, ಮಂಡಿಯ ಸಾಹುಕಾರರು ಎಲ್ಲರ ಕಾಲೂ ಅವನಿಗೆ ಗೊತ್ತು. ಅಪ್ಪ ಹೊಸದು ಕೊಳ್ಳುವ ಮೊದಲು ರಿಪೇರಿ ಮಾಡುವವನನ್ನು ಕೇಳಿದರು. ಇದು ಎಷ್ಟು ದೊಡ್ಡ ಜಾಣತನ ಎಂದು ನನಗೆ ಅರ್ಥವಾಗಲು ಇಪ್ಪತ್ತು ವರ್ಷ ಹಿಡಿಯಿತು.

ಅಜ್ಜ ನನ್ನ ಪಾದವನ್ನು ಹಳೇ ಪೇಪರಿನ ಮೇಲೆ ಇಡಿಸಿ ಸುತ್ತ ಪೆನ್ಸಿಲಿನಲ್ಲಿ ಗೆರೆ ಎಳೆದ. ಎಡಗಾಲು ಬಲಗಾಲಿಗಿಂತ ಒಂದು ನೂಲು ಉದ್ದ. "ಬರಿಗಾಲಲ್ಲಿ ತಿರುಗಿದ ಪಾದ ಕಣಪ್ಪ, ಬೆರಳು ಬಿಚ್ಕೊಂಡವೆ. ಮೂತಿ ಚೂಪಾಗಿರೋದು ತರಬ್ಯಾಡಿ. ದೊಡ್ಡ ಕಾಲಿಗೆ ಅಳತೆ ಹಿಡೀರಿ. ಸಂಜೆ ಹೊತ್ತು ತಗೊಳ್ಳಿ, ಬೆಳಿಗ್ಗೆ ಪಾದ ಸಣ್ಣಕಿರ್ತದೆ" ಅಂದ. ಕೊನೆಗೆ ಹೇಳಿದ್ದು: "ಹೊಲ್ದಿರೋದು ತನ್ನಿ, ಅಂಟ್ಸಿರೋದು ಬ್ಯಾಡ. ನಾಳೆ ನಾನು ಬಿಚ್ಚಂಗಿರಬೇಕು."

ಬಿಚ್ಚುವ ಹಾಗಿರಬೇಕು. ಗಟ್ಟಿಯಾಗಿರಬೇಕು, ಬಿಚ್ಚಿಕೊಳ್ಳಬಾರದು ಎಂದೇ ನಾವೆಲ್ಲ ಬೂಟಿನ ಬಗ್ಗೆ ಯೋಚಿಸುತ್ತೇವೆ. ಅಜ್ಜ ಅದನ್ನು ತಿರುಗಿಸಿ ಹೇಳಿದ್ದ.

ಬೆಂಗಳೂರಿನ ದಂಡು ಪ್ರದೇಶದಲ್ಲಿ ಸೇನೆಯ ಅಧಿಕಾರಿಗಳಿಗೆ ಬೂಟು ಹೊಲಿಯುವ ಒಂದು ಸಣ್ಣ ಅಂಗಡಿ ಇದೆಯೆಂದು ಅಪ್ಪನಿಗೆ ಯಾರೋ ಹೇಳಿದ್ದರು. ಸಂಜೆ ಐದರ ಹೊತ್ತಿಗೆ ಅಲ್ಲಿದ್ದೆವು. ಗಾಜಿನ ಬೀರುವಿನಲ್ಲಿ ಹೊಸ ಜೋಡಿಗಳು ಥಳಥಳಿಸುತ್ತಿದ್ದವು. ಅಪ್ಪ ಅವುಗಳ ಕಡೆ ನೋಡಲೇ ಇಲ್ಲ. "ರಿಪೇರಿಗೆ ಬಂದಿರೋ ಹಳೇವು ಎಲ್ಲಿಟ್ಟಿದ್ದೀರ?" ಅಂತ ಕೇಳಿದರು. ಅಂಗಡಿಯಾತ ಒಂದು ಗಳಿಗೆ ಅವರ ಮುಖ ನೋಡಿ, ಆಮೇಲೆ ಸಂತೋಷದಿಂದ ಒಳಗಿನ ಹಲಗೆಯ ಹತ್ತಿರ ಕರೆದುಕೊಂಡು ಹೋದ. ಅಲ್ಲಿ ಹತ್ತು ವರ್ಷ, ಹದಿನೈದು ವರ್ಷ ತುಳಿಸಿಕೊಂಡ ಬೂಟುಗಳಿದ್ದವು. ಅಟ್ಟೆ ಸವೆದು ತೆಳ್ಳಗಾಗಿತ್ತು, ಮೇಲಿನ ಚರ್ಮ ಮಾತ್ರ ಎಣ್ಣೆ ಕುಡಿದ ಬಾಗಿಲಿನ ಹಾಗೆ ಬಣ್ಣ ಏರಿಸಿಕೊಂಡು ನಿಂತಿತ್ತು. ಕೊಬ್ಬರಿಯನ್ನಾದರೆ ಒಂದೆರಡು ಒಡೆದು ನೋಡಬಹುದು. ಬೂಟನ್ನು ಯಾರೂ ಒಡೆಯಲು ಬಿಡುವುದಿಲ್ಲ. ಆದ್ದರಿಂದ ತಾನಾಗಿ ಸವೆದದ್ದನ್ನು ನೋಡಬೇಕು ಎಂಬುದು ಅಪ್ಪನ ಲೆಕ್ಕ.

ಅಟ್ಟೆ ಕಿತ್ತು ಬಿಚ್ಚಿಟ್ಟಿದ್ದ ಒಂದು ಬೂಟನ್ನು ಎತ್ತಿಕೊಂಡು ಆತ ತೋರಿಸಿದ. ಮೇಲಿನ ಚರ್ಮ, ಪಾದ ಕೂರುವ ಒಳ ಅಟ್ಟೆ, ಇವೆರಡರ ಜೊತೆಗೆ ಬೂಟಿನ ಸುತ್ತ ಓಡುವ ಬೆರಳಗಲದ ಒಂದು ಚರ್ಮದ ಪಟ್ಟಿ. ಮೇಣ ಸವರಿದ ದಾರ ಮೊದಲು ಈ ಮೂರನ್ನು ಸೇರಿಸುತ್ತದೆ. ಆಮೇಲೆ ನೆಲ ತುಳಿಯುವ ಹೊರ ಅಟ್ಟೆಯನ್ನು ಆ ಪಟ್ಟಿಗೆ ಮಾತ್ರ ಹೊಲಿಯುತ್ತಾರೆ, ಮೇಲಿನ ಚರ್ಮವನ್ನು ಮುಟ್ಟುವುದೇ ಇಲ್ಲ. ಒಳ ಅಟ್ಟೆಗೂ ಹೊರ ಅಟ್ಟೆಗೂ ನಡುವೆ ಉಳಿಯುವ ಜಾಗಕ್ಕೆ ಬೆಂಡು ತುಂಬುತ್ತಾರೆ. ನಾಲ್ಕಾರು ತಿಂಗಳು ತುಳಿದ ಮೇಲೆ ಆ ಬೆಂಡು ಅಮುಕಿಕೊಂಡು ಹಾಕಿಕೊಂಡವನ ಪಾದದ ಗುರುತೇ ಆಗುತ್ತದೆ. ಆ ಪಟ್ಟಿಗೆ ವೆಲ್ಟ್ ಎನ್ನುತ್ತಾರೆ. ಹೊರ ಅಟ್ಟೆ ಸವೆದರೆ ಪಟ್ಟಿಯ ಹೊಲಿಗೆ ಬಿಚ್ಚಿ ಹೊಸದು ಹೊಲಿದರಾಯಿತು, ಬೂಟಿಗೆ ಗಾಯವಿಲ್ಲ. ಕೈಯಿಂದ ಹೊಲಿಯುತ್ತಿದ್ದ ಇದನ್ನು 1870ರ ಆಸುಪಾಸಿನಲ್ಲಿ ಯಂತ್ರಕ್ಕೆ ಅಳವಡಿಸಿದವನು ಅಮೆರಿಕದ ಕಿರಿಯ ಚಾರ್ಲ್ಸ್ ಗುಡ್‌ಇಯರ್. ರಬ್ಬರನ್ನು ಗಂಧಕದ ಜೊತೆ ಕಾಯಿಸಿ ಗಟ್ಟಿ ಮಾಡಿದ ಗುಡ್‌ಇಯರನ ಮಗ. ಇಂದು ಅಂಗಡಿಗಳಲ್ಲಿ ಗುಡ್‌ಇಯರ್ ವೆಲ್ಟ್ ಎಂದು ಕರೆಯುವುದು ಇದನ್ನೇ. ತಮಿಳುನಾಡಿನ ಆಂಬೂರು, ರಾಣಿಪೇಟೆಗಳ ಕಾರ್ಖಾನೆಗಳಲ್ಲಿ ಪರದೇಶಕ್ಕೆಂದು ಹೊಲಿಯುವ ಬೂಟುಗಳಲ್ಲಿ ಈ ಬಗೆಯವೂ ಇವೆ.

ಕಪ್ಪು ಬಣ್ಣದ, ಐದು ಜೊತೆ ಕಣ್ಣಿನ, ಮುಂಗಾಲಿನ ಮೇಲೆ ಅಡ್ಡಕ್ಕೊಂದು ಸಾದಾ ಹೊಲಿಗೆ ಬಿಟ್ಟರೆ ಯಾವ ಅಲಂಕಾರವೂ ಇಲ್ಲದ ಜೋಡಿ. ಬೆಲೆ 325 ರೂಪಾಯಿ. ಬಜಾರಿನಲ್ಲಿ ಅದರ ಮೂರನೇ ಒಂದು ಪಾಲಿಗೆ ಬೂಟು ಸಿಗುತ್ತಿದ್ದ ಕಾಲ. ಅಳತೆ ಕೊಟ್ಟು ಬಂದ ಐದನೇ ವಾರಕ್ಕೆ ಬೂಟು ಕೈಗೆ ಬಂತು. ಅಪ್ಪ ಅದನ್ನು ತಲೆಕೆಳಗು ಮಾಡಿ ಅಟ್ಟೆಯ ಮೇಲೆ ಬೆರಳ ಗೆಣ್ಣಿನಿಂದ ಬಡಿದರು. ಒಣಗಿದ ಕಾಯಿಯನ್ನು ಕೇಳಿಸಿಕೊಳ್ಳುವ ಅದೇ ಮುಖ.

ಚರ್ಮದ ಹದ ನೋಡುವುದನ್ನು ಅಪ್ಪ ಕಲಿತದ್ದು ಅವರ ಮಾವನ ಊರಿನಲ್ಲಿ, ಅಂದರೆ ನನ್ನ ತಾಯಿಯ ತವರಿನಲ್ಲಿ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಹುಳಿಯಾರು ಕಡೆಯ ಬಾರೆ ಸೀಮೆ ಅದು. ಕೆರೆಯ ಕೆಳಗೆ ತೆಂಗು, ಮೇಲಕ್ಕೆ ಹತ್ತಿದರೆ ಕೆಂಪು ಮಣ್ಣು, ಕಲ್ಲು, ತಂಗಡಿ ಗಿಡ. ಹಳದಿ ಹೂವಿನ ಆ ತಂಗಡಿಯನ್ನು ಕುರಿ ಕೂಡ ಅಷ್ಟಾಗಿ ಮುಟ್ಟುವುದಿಲ್ಲ, ನಾವು ಹುಡುಗರು ಅದನ್ನು ಗಿಡವೆಂದೇ ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಆದರೆ ತೆನ್ನಾಡಿನ ಚರ್ಮವನ್ನು ಶತಮಾನಗಳ ಕಾಲ ಹದ ಮಾಡಿದ್ದು ಅದರ ತೊಗಟೆ. 1970ರ ಸುಮಾರಿಗೆ, ನನಗೆ ಏಳೆಂಟು ವರ್ಷವಿದ್ದಾಗ, ಊರಾಚೆ ಬೇವಿನ ಮರಕ್ಕೆ ಒಂದು ದೊಡ್ಡ ಚೀಲ ನೇತಾಡುತ್ತಿದ್ದುದನ್ನು ನೋಡಿದ ನೆನಪಿದೆ. ಇಡೀ ಎತ್ತಿನ ಚರ್ಮವನ್ನು ಸುಣ್ಣದ ನೀರಿನಲ್ಲಿ ನೆನೆಸಿ, ಕೂದಲು ಹೆರೆದು, ಅದನ್ನೇ ಚೀಲದಂತೆ ಹೊಲಿದು, ಒಳಗೆ ತಂಗಡಿ ಚಕ್ಕೆ ಮತ್ತು ಅದರ ರಸ ತುಂಬಿ ತೂಗುಹಾಕಿದ್ದರು. ಕಂದು ನೀರು ತೊಟ್ಟು ತೊಟ್ಟಾಗಿ ಕೆಳಗಿನ ಮಡಕೆಗೆ ಇಳಿಯುತ್ತಿತ್ತು, ಒಬ್ಬಾಕೆ ಅದನ್ನು ಮೊಗೆದು ಮತ್ತೆ ಮೇಲಕ್ಕೆ ಸುರಿಯುತ್ತಿದ್ದಳು. ಹಗಲೆಲ್ಲ ಅದೇ ಕೆಲಸ.

ಹಾಗೆ ಚರ್ಮ ಹದ ಮಾಡುತ್ತಿದ್ದ ಮನೆಯವರೇ ನಮ್ಮ ತಾತನಿಗೆ ಮೆಟ್ಟು ಹೊಲಿದು ಕೊಡುತ್ತಿದ್ದರು, ಕಪಿಲೆ ಬಾವಿಗೆ ಚರ್ಮದ ಬಾನಿ ಮಾಡಿಕೊಡುತ್ತಿದ್ದರು, ಎತ್ತಿಗೆ ಮಿಣಿ ಹೊಸೆಯುತ್ತಿದ್ದರು. ಸುಗ್ಗಿಯಲ್ಲಿ ಕಣಕ್ಕೆ ಬಂದು ಆಯದ ರಾಗಿ ತೆಗೆದುಕೊಂಡು ಹೋಗುತ್ತಿದ್ದರು. ಆ ಬಾನಿಯ ನೀರನ್ನು ತೋಟವೆಲ್ಲ ಕುಡಿಯಿತು. ಆದರೆ ಬಾನಿ ಮಾಡಿದ ಕೈಗೆ ನಮ್ಮ ಮನೆಯ ಲೋಟ ಸಿಗಲಿಲ್ಲ. ಊರಿಗೆಲ್ಲ ಮೆಟ್ಟು ಹೊಲಿಯುವವನು ಊರ ಬೀದಿಗೆ ಕಾಲಿಟ್ಟರೆ ತನ್ನ ಮೆಟ್ಟನ್ನು ಕೈಯಲ್ಲಿ ಹಿಡಿಯಬೇಕಿತ್ತು. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಕಂಡೂ ಅದು ತಪ್ಪೆಂದು ಹೊಳೆಯದ ವಯಸ್ಸು ಎಂದು ಹೇಳಿ ನುಣುಚಿಕೊಳ್ಳಲಾರೆ, ದೊಡ್ಡವರಾಗಿದ್ದ ನಮ್ಮ ಮನೆಯವರಿಗೂ ಹೊಳೆದಿರಲಿಲ್ಲ. 12ನೇ ಶತಮಾನದ ಕಲ್ಯಾಣದಲ್ಲಿ ಹರಳಯ್ಯ, ಕಲ್ಯಾಣಮ್ಮ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನಿಗೆ ಪಾದರಕ್ಷೆ ಮಾಡಿದ ಕಥೆಯನ್ನು ಅದೇ ಮನೆಯ ಜಗುಲಿಯ ಮೇಲೆ ಕಣ್ಣೀರಿಟ್ಟುಕೊಂಡು ಕೇಳುತ್ತಿದ್ದರು. ಒಳ್ಳೆಯ ಬೂಟಿನ ಬಗ್ಗೆ ಬರೆಯುವವನು ಈ ಮಾತನ್ನು ಬಿಟ್ಟು ಬರೆದರೆ ಆ ಬರಹ ಸುಳ್ಳಾಗುತ್ತದೆ. ಚರ್ಮದ ಹದ ಬಲ್ಲವರು ನಮ್ಮ ನಡುವೆಯೇ ಇದ್ದರು, ಅವರನ್ನು ಊರ ಹೊರಗಿಟ್ಟು ನಾವು ಆ ವಿದ್ಯೆಯನ್ನೇ ಕಳೆದುಕೊಂಡೆವು.

ತೊಗಟೆಯ ಹದಕ್ಕೆ ವಾರಗಟ್ಟಲೆ, ದಪ್ಪ ಅಟ್ಟೆಗಾದರೆ ತಿಂಗಳುಗಟ್ಟಲೆ ಬೇಕು. ಇಂಗ್ಲೆಂಡಿನ ಡೆವನ್ ಪ್ರಾಂತ್ಯದಲ್ಲಿ ಓಕ್ ಮರದ ತೊಗಟೆಯ ನೀರಿನ ಗುಂಡಿಗಳಲ್ಲಿ ಅಟ್ಟೆಯ ಚರ್ಮವನ್ನು ಒಂದು ವರ್ಷಕ್ಕೂ ಮೇಲ್ಪಟ್ಟು ಇಡುವ ಕಾರ್ಖಾನೆ ಈಗಲೂ ಇದೆ. ಅದನ್ನು ಮೊದಲ ಸಲ ಓದಿದಾಗ ನನಗೆ ನಮ್ಮ ಅಟ್ಟ ಕಣ್ಣಮುಂದೆ ಬಂತು. ಕೊಬ್ಬರಿಗೂ ಅಟ್ಟೆಗೂ ಹೆಚ್ಚುಕಡಿಮೆ ಒಂದೇ ಕಾಲ, ಮಳೆಯಿಂದ ಮಳೆಗೆ. 19ನೇ ಶತಮಾನದ ಕೊನೆಯ ಹೊತ್ತಿಗೆ ಕ್ರೋಮಿಯಂ ಲವಣದ ಹದ ಬಂದಮೇಲೆ ತಿಂಗಳ ಕೆಲಸ ದಿನಕ್ಕೆ ಇಳಿಯಿತು, ಇಂದು ಜಗತ್ತಿನ ಬಹುಪಾಲು ಚರ್ಮ ಆ ಬಗೆಯದು. ಅದೇನು ಕೀಳಲ್ಲ. ಮೇಲಿನ ಚರ್ಮಕ್ಕೆ ಅದು ಮೆತ್ತಗೆ, ನೀರಿಗೆ ಬೇಗ ಸೋಲುವುದಿಲ್ಲ. ಅಟ್ಟೆಗೆ ಮಾತ್ರ ತೊಗಟೆಯ ಹದದ ಚರ್ಮವೇ ಸರಿ, ಪಾದದ ಬೆವರು ಕುಡಿದು ರಾತ್ರಿ ಹೊರಗೆ ಬಿಡುವುದು ಅದು.

ಇಷ್ಟೆಲ್ಲ ತಿಳಿದಿದ್ದೂ ನಾನೊಮ್ಮೆ ಎಡವಿದೆ. 2006ರಲ್ಲಿ ಮನೆಯ ಒಂದು ಮದುವೆಗೆಂದು ದೊಡ್ಡ ಅಂಗಡಿಯೊಂದರಲ್ಲಿ ಕನ್ನಡಿಯಂತೆ ಹೊಳೆಯುವ ಜೋಡಿ ಕೊಂಡೆ. ಹಗುರ, ಮೆತ್ತಗೆ, ಬೆಲೆಯೂ ಕಡಿಮೆಯಲ್ಲ. ಸುತ್ತ ಹೊಲಿಗೆಯೂ ಕಾಣುತ್ತಿತ್ತು. ಎರಡು ಸಲ ಹಾಕಿ, ಜೋಪಾನವಾಗಿ ಬೀರುವಿನಲ್ಲಿಟ್ಟೆ. 2011ರಲ್ಲಿ ತುರುವೇಕೆರೆಯ ನೆಂಟರ ಮದುವೆಗೆ ಅದನ್ನು ಹೊರತೆಗೆದು ಹಾಕಿಕೊಂಡು ಹೋದೆ. ಛತ್ರದ ಮೆಟ್ಟಿಲು ಹತ್ತುವಾಗ ಬಲಗಾಲಿನ ಕೆಳಗೆ ಏನೋ ಪುಡಿಯಾದಂತಾಯಿತು. ನೋಡಿದರೆ ಅಟ್ಟೆ ಒಣ ಮಣ್ಣಿನ ಹೆಂಟೆಯ ಹಾಗೆ ಉದುರುತ್ತಿತ್ತು. ಊಟದ ಹೊತ್ತಿಗೆ ಎಡಗಾಲಿನದೂ ಹೋಯಿತು. ಅದು ಪಾಲಿಯುರಿಥೇನ್ ಅಟ್ಟೆ. ಹಾಕಿದರೂ ಹಾಕದಿದ್ದರೂ ಗಾಳಿಯ ತೇವ ವರ್ಷಗಳ ಕಾಲ ಅದರ ಒಳಗಿನ ಕೊಂಡಿಗಳನ್ನು ಕಡಿಯುತ್ತ ಬರುತ್ತದೆ. ಬೀರುವಿನ ಕತ್ತಲಲ್ಲಿ ಐದು ವರ್ಷ ಅದೇ ನಡೆದಿತ್ತು. ಸುತ್ತಲಿನ ಹೊಲಿಗೆ ಬರೀ ತೋರಿಕೆಯದು, ಯಾವುದನ್ನೂ ಯಾವುದಕ್ಕೂ ಸೇರಿಸಿರಲಿಲ್ಲ.

ಅವತ್ತು ಬರಿಗಾಲಲ್ಲೇ ಊರೊಳಗೆ ನಡೆದು ಗಂಗಾಧರೇಶ್ವರ ದೇವಸ್ಥಾನಕ್ಕೆ ಹೋದೆ. ಅಲ್ಲಿನ ಕಪ್ಪು ಕಲ್ಲಿನ ನಂದಿಯನ್ನು ನೋಡದವರು ನೋಡಬೇಕು. ಅದರ ಮೈಯ ನುಣುಪು ಎಂಥದೆಂದರೆ ಮುಟ್ಟಲು ಕೈ ತಾನಾಗಿ ಮುಂದೆ ಹೋಗುತ್ತದೆ. ಮೇಲೆ ಯಾವುದನ್ನೂ ಬಳಿದಿಲ್ಲ, ಕಲ್ಲನ್ನೇ ಉಜ್ಜಿ ಉಜ್ಜಿ ಒಳಗಿನ ಹೊಳಪನ್ನು ಹೊರಗೆ ತಂದಿದ್ದಾರೆ. ನನ್ನ ಮದುವೆ ಬೂಟಿನ ಹೊಳಪು ಹಾಗಲ್ಲ. ಮಚ್ಚೆ, ಮುಳ್ಳುಗೀರು ಇರುವ ಚರ್ಮದ ಮೇಲ್ಪದರವನ್ನು ಉಜ್ಜಿ ತೆಗೆದು, ಬಣ್ಣದ ದಪ್ಪ ಲೇಪ ಕೊಟ್ಟು, ಅದರ ಮೇಲೆ ಕೂದಲ ರಂಧ್ರದ ಗುರುತನ್ನು ಅಚ್ಚೊತ್ತಿದ್ದು. ಇದನ್ನು ಕಂಡುಹಿಡಿಯಲು ಹೆಬ್ಬೆರಳು ಸಾಕು. ಬೂಟಿನ ಮೂತಿಯ ಹಿಂದೆ, ಪಾದ ಮಡಿಯುವ ಜಾಗದಲ್ಲಿ ಮೆಲ್ಲಗೆ ಒತ್ತಿ. ಮೇಲ್ಪದರ ಉಳಿದ ಚರ್ಮವಾದರೆ ಮುದುಕಿಯ ಕೈಮೇಲಿನಂಥ ಸಣ್ಣ ಸಣ್ಣ ಗೆರೆ ಎದ್ದು, ಬೆರಳು ತೆಗೆದೊಡನೆ ಅಳಿಸಿಹೋಗುತ್ತವೆ. ಲೇಪದ್ದಾದರೆ ಒಂದೇ ದಪ್ಪ ಮಡಿಕೆ ಬೀಳುತ್ತದೆ. ಹಿಮ್ಮಡಿಯ ಬೆನ್ನನ್ನೂ ಹಿಂಡಿ ನೋಡಬೇಕು, ಒಳಗಿನ ಬಿಗಿ ರಟ್ಟಿನದಾದರೆ ಮೊದಲ ಮಳೆಗಾಲಕ್ಕೇ ಕುಸಿಯುತ್ತದೆ. ಒಳಗೆ ಕೈ ಹಾಕಿ ಸವರಿದರೆ ಅಸ್ತರು ಚರ್ಮವೋ ಬಟ್ಟೆಯೋ ತಿಳಿಯುತ್ತದೆ.

325 ರೂಪಾಯಿಯ ಬೂಟು ಮಾತ್ರ ಇನ್ನೂ ಗಟ್ಟಿಯಾಗಿತ್ತು. 1992ರಲ್ಲಿ ಮೊದಲ ಸಲ ಅದರ ಅಟ್ಟೆ ಬದಲಾಯಿತು. ಬೆಂಗಳೂರಿನಲ್ಲೇ ಮಾಡಿಸಬಹುದಿತ್ತು, ಅಪ್ಪ ಒಪ್ಪಲಿಲ್ಲ. ಚೀಲದಲ್ಲಿಟ್ಟುಕೊಂಡು ರೈಲು ಹತ್ತಿ ತಿಪಟೂರಿನ ಹುಣಸೆಮರಕ್ಕೆ ತಂದೆ. ಅಜ್ಜ ಪಟ್ಟಿಯ ಹೊಲಿಗೆಯನ್ನು ರಂಪಿಗೆಯ ತುದಿಯಿಂದ ಒಂದೊಂದಾಗಿ ಕತ್ತರಿಸಿ, ಸವೆದ ಅಟ್ಟೆಯನ್ನು ಸಿಪ್ಪೆಯಂತೆ ಸುಲಿದ. ಒಳಗೆ ಬೆಂಡಿನ ಮೇಲೆ ನನ್ನ ಪಾದ ಮೂಡಿತ್ತು, ಐದು ಬೆರಳೂ ಬೇರೆ ಬೇರೆಯಾಗಿ. ಹಳೇ ತೂತುಗಳಲ್ಲೇ ಹೊಸ ದಾರ ಪೋಣಿಸಿದ. "ಹೊಸಾ ತೂತು ಮಾಡಿದ್ರೆ ಪಟ್ಟಿ ಹರೀತದೆ" ಅಂದ. ಒಂದು ಜೋಡಿಗೆ ಒಂದು ದಿನ ಹಿಡಿಯಿತು.

ಎರಡನೇ ಅಟ್ಟೆ 2001ರಲ್ಲಿ. ತೊಂಬತ್ತರ ದಶಕದ ಕೊನೆಗೆ ತೆಂಗಿಗೆ ನುಸಿ ಬಿದ್ದಿತ್ತು. ಕಾಯಿಗಳೆಲ್ಲ ಸಿಪ್ಪೆಯ ಮೇಲೆ ಕಂದು ಗಾಯ ಹೊತ್ತು ಮುಷ್ಟಿಯಷ್ಟಕ್ಕೆ ನಿಂತುಬಿಡುತ್ತಿದ್ದವು. ಅಪ್ಪ ನಿವೃತ್ತರಾಗಿದ್ದರು, ಅಟ್ಟ ಅರ್ಧ ಖಾಲಿ. ನನ್ನ ಸಂಬಳದಿಂದ ಮನೆಯೂ ತೋಟವೂ ನಡೆಯಬೇಕಿದ್ದ ಆ ವರ್ಷಗಳಲ್ಲಿ ಹೊಸ ಬೂಟಿನ ಮಾತೇ ಇರಲಿಲ್ಲ. ಹದಿನೈದು ವರ್ಷದ ಹಿಂದೆ ದುಬಾರಿ ಅನ್ನಿಸಿದ್ದು ಈಗ ನಮ್ಮನ್ನು ಕಾಯಿತು. ಅಜ್ಜನ ಕಣ್ಣು ಆಗಲೇ ಮಂಜಾಗಿತ್ತು. ದಾರವನ್ನು ಸೂಜಿಗೆ ನಾನೇ ಪೋಣಿಸಿ ಕೊಟ್ಟೆ, ಹೊಲಿಗೆ ಅವನದೇ.

ಇಷ್ಟು ವರ್ಷ ಬಾಳಲು ನಾನು ಮಾಡಿದ ದೊಡ್ಡ ಉಪಚಾರವೇನಿಲ್ಲ. ಇನ್ನೊಂದು ಸಾದಾ ಜೋಡಿ ಇಟ್ಟುಕೊಂಡು ಒಂದು ದಿನ ಬಿಟ್ಟು ಒಂದು ದಿನ ಹಾಕಿದೆ, ಒಳಗಿನ ಬೆವರು ಆರಲು ಅಷ್ಟು ಹೊತ್ತು ಬೇಕು. ನೆನೆದರೆ ಒಳಗೆ ಪೇಪರು ತುರುಕಿ ನೆರಳಲ್ಲಿ ಒಣಗಿಸಿದೆ. ಒಲೆಯ ಹತ್ತಿರ, ಬಿಸಿಲಲ್ಲಿ ಒಣಗಿಸಿದ ಚರ್ಮ ಸೀಳುತ್ತದೆ. ಇದನ್ನು ನಮ್ಮವರಿಗೆ ಬಿಡಿಸಿ ಹೇಳಬೇಕಾಗಿಲ್ಲ, ಉಂಡೆ ಕೊಬ್ಬರಿಯನ್ನು ನಾವು ನೆರಳಲ್ಲೇ ಒಣಗಿಸುವುದು. ಆದರೆ ಒಂದು ಮಾತು ಹೇಳಲೇಬೇಕು. ನಮ್ಮ ಸೀಮೆಯಲ್ಲಿ ಬೂಟಿಗೂ ಕೊಬ್ಬರಿ ಎಣ್ಣೆ ಬಳಿಯುವ ಅಭ್ಯಾಸವಿದೆ. ಅಜ್ಜ ಅದನ್ನು ಬೇಡವೆನ್ನುತ್ತಿದ್ದ. ಅದು ಚರ್ಮದೊಳಕ್ಕೆ ಇಳಿದು ಅತಿಯಾಗಿ ಮೆತ್ತಗೆ ಮಾಡುತ್ತದೆ, ಬೂಟು ಆಕಾರ ಬಿಡುತ್ತದೆ, ಪಾಲಿಷ್ ಕೂರುವುದಿಲ್ಲ. ಹೊಲದ ಮೆಟ್ಟಿಗೆ ಹರಳೆಣ್ಣೆ, ಬೂಟಿಗೆ ಮೇಣದ ಪಾಲಿಷ್, ಅದೂ ತೆಳ್ಳಗೆ. ಅವನು ಹಾಕಿದ ಗೆರೆ ಅಷ್ಟೇ.

ಅಪ್ಪ 2009ರಲ್ಲಿ ಹೋದರು. ಅಜ್ಜ ಅದಕ್ಕೆ ಮುಂಚೆಯೇ. ಹುಣಸೆಮರದ ಜಾಗ ರಸ್ತೆ ಅಗಲ ಮಾಡುವಾಗ ಹೋಯಿತು. ಅಜ್ಜನ ಮಗ ಆಟೋ ಓಡಿಸುತ್ತಿದ್ದ. "ಆ ಕೆಲಸ ನನಗೆ ಅಪ್ಪನೇ ಕಲಿಸಲಿಲ್ಲ ಸಾರ್, ನೀನಾದರೂ ಎದ್ದು ನಿಂತು ದುಡಿ ಅಂದ" ಎಂದು ಹೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. ಈಗಲೂ ಇಲ್ಲ. ಮೂರನೇ ಅಟ್ಟೆಗೆ ಮೂರು ತಿಂಗಳು ಅಲೆದೆ. ಬೆಂಗಳೂರಿನಲ್ಲಿ ಕೇಳಿದ ಕಡೆಯಲ್ಲೆಲ್ಲ ಮೇಲೊಂದು ರಬ್ಬರ್ ಹಾಳೆ ಅಂಟಿಸಿಕೊಡುತ್ತೇವೆ ಎನ್ನುವವರೇ. ಕೊನೆಗೆ 2016ರಲ್ಲಿ ಅದನ್ನು ಹೊಲಿದುಕೊಟ್ಟವನು ಲಿಡ್ಕರ್‌ನಲ್ಲಿ ತರಬೇತಿ ಪಡೆದು, ತಿಪಟೂರಿನಲ್ಲೇ ಸಣ್ಣ ಪೆಟ್ಟಿಗೆ ಅಂಗಡಿ ಇಟ್ಟುಕೊಂಡಿದ್ದ ಒಬ್ಬ ಯುವಕ. ಲಿಡ್ಕರ್ ಎಂದರೆ ಚರ್ಮದ ಕೆಲಸದವರಿಗಾಗಿ ರಾಜ್ಯ ಸರ್ಕಾರ 1976ರಲ್ಲಿ ಕಟ್ಟಿದ ನಿಗಮ.  ಆ ಯುವಕ ಬೂಟನ್ನು ಕೈಗೆತ್ತಿಕೊಂಡವನೇ ಪಟ್ಟಿಯ ತೂತುಗಳನ್ನು ಎಣಿಸುವಂತೆ ನೋಡಿ, "ಇದನ್ನ ಬಿಚ್ಚಿದವರು ಕೆಲಸ ಬಲ್ಲವರು" ಅಂದ. ಅಜ್ಜನ ಊರು, ಹೆಸರು ಕೇಳಿದ. ಹೇಳಿದೆ. ತನ್ನ ಅಂಗಡಿಯಲ್ಲಿದ್ದ ಒಂದೇ ಕುರ್ಚಿಯಲ್ಲಿ ನನ್ನನ್ನು ಕೂರಿಸಿ, ತಾನು ನೆಲದ ಮೇಲೆ ಕೂತ. ನಾನೂ ಇಳಿದು ಅವನ ಪಕ್ಕ ಕೂತೆ. ಚಹಾ ತರಿಸಿ ಇಬ್ಬರೂ ಕುಡಿದೆವು.

ಹೊಸ ಬೂಟು ಕೊಳ್ಳುವವರು ಅಂಗಡಿಗೆ ಹೋಗುವ ಮೊದಲು ನಿಮ್ಮ ಊರಿನಲ್ಲಿ ರಿಪೇರಿ ಮಾಡುವವರ ಹತ್ತಿರ ಹೋಗಿ, ಹತ್ತು ನಿಮಿಷ ಕೂತು, ಯಾವುದನ್ನು ಬಿಚ್ಚಿ ಹೊಲಿಯಬಲ್ಲಿರಿ ಎಂದು ಕೇಳಿ. ಹಾಗೆ ಕೇಳಲು ಯಾರೂ ಉಳಿದಿಲ್ಲವಾದರೆ ಎಷ್ಟು ದುಡ್ಡು ಕೊಟ್ಟರೂ ಬಾಳುವ ಬೂಟು ಸಿಗುವುದಿಲ್ಲ. ನನ್ನ ಮೂರನೇ ಅಟ್ಟೆ ಈಗ ಎಡ ಹಿಮ್ಮಡಿಯ ಹೊರಮೂಲೆಯಲ್ಲಿ ಸವೆದಿದೆ. ಈ ಸಲದ ಕಾಯಿ ಇಳಿಸಲು ಊರಿಗೆ ಹೋಗುವಾಗ ಅದನ್ನು ಚೀಲದಲ್ಲಿಟ್ಟುಕೊಂಡಿದ್ದೇನೆ, ಆ ಹುಡುಗನ ಅಂಗಡಿ ತೆರೆದಿರುತ್ತದೆ.